ಲ್ಯಾಪ್‌ಟಾಪ್‌ನಲ್ಲಿ ಓಡುವ ಆಪ್ ಕ್ಲೌಡ್‌ನಲ್ಲಿ ಏಕೆ ಎಡವುತ್ತದೆ?

ಪ್ರಶ್ನೆ: ನೆಕ್ಸ್ಟ್ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟು ಬಳಸಿ, ಪುಟಗಳು ಸರ್ವರ್‌ನಲ್ಲೇ ಸಿದ್ಧವಾಗಿ ಬರುವಂತೆ ಒಂದು ವೆಬ್ ಆಪ್ ಕಟ್ಟಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಲ್ಯಾಪ್‌ಟಾಪ್‌ನಲ್ಲಿ ಯಾವ ತೊಂದರೆಯೂ ಇಲ್ಲ. ಆಪ್ ಅನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ಕಟ್ಟಿದ ಪೆಟ್ಟಿಗೆ, ಅಂದರೆ ಕಂಟೇನರ್, ಮಾಡಿ ಕ್ಲೌಡ್‌ಗೆ ಹಾಕಿದಾಗ ಮೊದಲು ಸರ್ವರ್ ಏಳಲೇ ಇಲ್ಲ. ಹೇಗೋ ಎದ್ದ ಮೇಲೆ, ಬ್ರೌಸರ್ ಈಗಲೂ ಡೇಟಾ ಕೊಡುವ ಎಪಿಐಯನ್ನು ಲೋಕಲ್‌ಹೋಸ್ಟ್‌ನಲ್ಲೇ, ಅಂದರೆ ತಾನಿರುವ ಯಂತ್ರದಲ್ಲೇ, ಹುಡುಕುತ್ತಿದೆ. ಸ್ವಲ್ಪ ಹೊತ್ತು ಯಾರೂ ಬಾರದೆ ಇದ್ದರೆ, ಮುಂದೆ ಬರುವವರಿಗೆ ಪುಟ ತೆರೆಯಲು ಹಲವು ಸೆಕೆಂಡ್ ಹಿಡಿಯುತ್ತದೆ. ಆಗೊಮ್ಮೆ ಈಗೊಮ್ಮೆ 502 ದೋಷ, ಅಂದರೆ ಹಿಂದಿರುವ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಸಂದೇಶ. ಲಾಗಿನ್ ಆದವರು ತಾವಾಗಿಯೇ ಹೊರಬೀಳುತ್ತಾರೆ. ವೇದಿಕೆಯನ್ನೇ ಬದಲಿಸಬೇಕೇ?

ಉತ್ತರ: ಈಗಲೇ ಬದಲಿಸಬೇಡಿ. ನೀವು ಬರೆದ ಐದು ತೊಂದರೆಗಳಲ್ಲಿ ಹೆಚ್ಚಿನವು ಹೊಸ ವೇದಿಕೆಗೆ ಹೋದರೂ ನಿಮ್ಮ ಬೆನ್ನು ಬಿಡುವುದಿಲ್ಲ. ಅವು ಹುಟ್ಟುವುದು ನಿಮ್ಮ ಆಪ್ ಮೂರು ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸದಿರುವುದರಿಂದ: ಕೋಡ್ ಓಡಬಲ್ಲ ರೂಪಕ್ಕೆ ಬರುವ ಬಿಲ್ಡ್ ಹೊತ್ತು, ಸರ್ವರ್ ಏಳುವ ಹೊತ್ತು, ಒಬ್ಬೊಬ್ಬರ ಕೋರಿಕೆಗೆ ಉತ್ತರಿಸುವ ಹೊತ್ತು. ಲ್ಯಾಪ್‌ಟಾಪ್‌ನಲ್ಲಿ ಈ ಮೂರೂ ಒಂದೇ ಯಂತ್ರದಲ್ಲಿ, ಒಂದೇ ಆದೇಶದ ಹಿಂದೆ ಅಡಗಿರುತ್ತವೆ. ಕ್ಲೌಡ್‌ನಲ್ಲಿ ಬಿಲ್ಡ್ ಆಗುವ ಯಂತ್ರ ಒಂದು, ಓಡುವ ಯಂತ್ರ ಇನ್ನೊಂದು. ಓಡುವುದೂ ಒಂದೇ ಪ್ರತಿಯಾಗಿರಬೇಕೆಂದಿಲ್ಲ, ಆ ಪ್ರತಿಗಳು ಯಾವಾಗ ಬೇಕಾದರೂ ಹುಟ್ಟಿ ಅಳಿಯುತ್ತವೆ. ನಿಮ್ಮ ಕೋಡಿನ ಒಂದೊಂದು ಸಾಲನ್ನೂ ನೋಡಿ ‘ಇದು ಓಡುವುದು ಯಾವ ಹೊತ್ತಿನಲ್ಲಿ?’ ಎಂದು ಕೇಳುವ ಅಭ್ಯಾಸ ಬಂದರೆ, ಅರ್ಧ ದೋಷಗಳು ಲಾಗ್ ತೆರೆಯುವ ಮುನ್ನವೇ ಕಣ್ಣಿಗೆ ಬೀಳುತ್ತವೆ.

ಮೊದಲು ಒಂದು ಕೆಲಸ ಮಾಡಿ. ಅಭಿವೃದ್ಧಿ ಮೋಡ್‌ನಲ್ಲಿ ಆಪ್ ಚೆನ್ನಾಗಿ ಓಡಿತು ಎಂಬುದನ್ನು ಪುರಾವೆಯಾಗಿ ಪರಿಗಣಿಸುವುದನ್ನು ನಿಲ್ಲಿಸಿ. ಆ ಮೋಡ್ ನಿಮ್ಮ ಅನುಕೂಲಕ್ಕಾಗಿ ಎಷ್ಟೋ ತಪ್ಪುಗಳನ್ನು ಮುಚ್ಚಿಡುತ್ತದೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಪ್ಯಾಕೇಜುಗಳು ಕೂರುವ ಫೋಲ್ಡರನ್ನು ಅಳಿಸಿ. ಪ್ಯಾಕೇಜು ತರುವ ಎನ್‌ಪಿಎಂ ಸಾಧನದ ‘ಇನ್‌ಸ್ಟಾಲ್’ ಬದಲು ಲಾಕ್ ಫೈಲಿನಲ್ಲಿರುವ ಆವೃತ್ತಿಗಳನ್ನೇ ತರುವ ‘ಸಿಐ’ ಆದೇಶ ಬಳಸಿ. ಪ್ರೊಡಕ್ಷನ್ ಬಿಲ್ಡ್ ಮಾಡಿ. ಅದನ್ನು ಕಂಟೇನರ್ ಇಮೇಜ್‌ಗೆ, ಅಂದರೆ ಕಂಟೇನರ್ ಹುಟ್ಟುವ ಅಚ್ಚಿಗೆ, ಹಾಕಿ, ಅದೇ ಇಮೇಜನ್ನು ನಿಮ್ಮ ಯಂತ್ರದಲ್ಲೇ ಓಡಿಸಿ. ಓಡಿಸುವಾಗ ಪೋರ್ಟ್, ಅಂದರೆ ಸರ್ವರ್ ಕೋರಿಕೆ ಸ್ವೀಕರಿಸುವ ಬಾಗಿಲ ಸಂಖ್ಯೆ, ಇರುವ ವೇರಿಯಬಲ್‌ಗೆ ರೂಢಿಯ 3000 ಬಿಟ್ಟು ಬೇರೆ ಸಂಖ್ಯೆ ಕೊಡಿ, 9123 ಆದರೂ ಸರಿ. ಕ್ಲೌಡ್‌ನಲ್ಲಿ ಒಂದೊಂದು ಪ್ರಯತ್ನಕ್ಕೆ ಹಲವು ನಿಮಿಷ ಕಾಯುವ ಬದಲು ಇಲ್ಲಿ ಕೆಲವೇ ಸೆಕೆಂಡಿನಲ್ಲಿ ದೋಷ ಕೈಗೆ ಸಿಗುತ್ತದೆ.

ಸರ್ವರ್ ಏಳಲಿಲ್ಲ ಎಂದಿರಿ. ಗೂಗಲ್‌ನ ಕ್ಲೌಡ್ ರನ್ ಆಗಲಿ, ಹೆರೋಕು ಆಗಲಿ, ಇಂಥ ಬಹುತೇಕ ವೇದಿಕೆಗಳು ‘ಈ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂರು’ ಎಂದು ಕೋಡಿನ ಹೊರಗಿನಿಂದ ಕೊಡುವ ಒಂದು ಸೆಟ್ಟಿಂಗ್, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಹೇಳುತ್ತವೆ. ಕ್ಲೌಡ್ ರನ್‌ನಲ್ಲಿ ಅದು ಬೇರೆ ಸೂಚನೆ ಇಲ್ಲದಿದ್ದರೆ 8080. ಹೆರೋಕು ಪ್ರತಿ ಬಾರಿಯೂ ತನಗೆ ತೋಚಿದ ಸಂಖ್ಯೆ ಕೊಡುತ್ತದೆ, 60 ಸೆಕೆಂಡಿನೊಳಗೆ ಆಪ್ ಆ ಪೋರ್ಟ್ ಹಿಡಿಯದಿದ್ದರೆ ಅದನ್ನು ಕೊಂದುಹಾಕುತ್ತದೆ. ಕೋಡಿನಲ್ಲಿ 3000 ಎಂದು ನೇರವಾಗಿ ಬರೆದಿದ್ದರೆ ಅಲ್ಲಿಗೆ ಮುಗಿಯಿತು.

ಪೋರ್ಟ್ ಸರಿಯಿದ್ದರೂ ವಿಳಾಸ ತಪ್ಪಿರಬಹುದು, ಇದನ್ನು ಹುಡುಕಲು ಜನ ಬಹಳ ಒದ್ದಾಡುತ್ತಾರೆ. ಸರ್ವರ್ 127.0.0.1ಕ್ಕೆ ಕಟ್ಟಿಕೊಂಡಿದ್ದರೆ ಕಂಟೇನರ್ ಒಳಗಿನಿಂದ ಬಂದ ಕೋರಿಕೆ ಮಾತ್ರ ಅದಕ್ಕೆ ಕೇಳಿಸುತ್ತದೆ. ಜನರ ಕೋರಿಕೆಯನ್ನು ತಂದುಕೊಡುವ ಹೊರಗಿನ ಗೇಟ್‌ವೇ ಬಾಗಿಲು ತಟ್ಟಿದರೆ ಉತ್ತರವಿಲ್ಲ. ಲಾಗ್‌ನಲ್ಲಿ ಮಾತ್ರ ‘ಸರ್ವರ್ ಸಿದ್ಧ’ ಎಂಬ ಸಾಲು ನೆಮ್ಮದಿಯಾಗಿ ಕುಳಿತಿರುತ್ತದೆ. ವಿಳಾಸ 0.0.0.0 ಆಗಿರಬೇಕು. ಓಡಲು ಬೇಕಾದಷ್ಟನ್ನೇ ಒಂದು ಫೋಲ್ಡರಿಗೆ ಹಾಕುವ ನೆಕ್ಸ್ಟ್‌ನ ಸ್ಟ್ಯಾಂಡ್‌ಅಲೋನ್ ಬಿಲ್ಡ್‌ನಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಅದು ಹೋಸ್ಟ್‌ನೇಮ್ ಎಂಬ ವೇರಿಯಬಲ್ ಓದಿ ಎಲ್ಲಿ ಕಿವಿಗೊಡಬೇಕೆಂದು ತೀರ್ಮಾನಿಸುತ್ತದೆ. ಕಂಟೇನರ್ ಓಡಿಸುವ ಡಾಕರ್ ಅದೇ ಹೆಸರಿನ ವೇರಿಯಬಲ್‌ಗೆ ಕಂಟೇನರ್‌ನ ಗುರುತನ್ನು ತಾನೇ ತುಂಬಿಟ್ಟಿರುತ್ತದೆ. ಆದ್ದರಿಂದ ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲೇ ಹೋಸ್ಟ್‌ನೇಮ್ 0.0.0.0 ಎಂದು ಸ್ಪಷ್ಟವಾಗಿ ಬರೆಯಿರಿ. ಸ್ಟ್ಯಾಂಡ್‌ಅಲೋನ್ ಫೋಲ್ಡರಿಗೆ ಪಬ್ಲಿಕ್ ಫೋಲ್ಡರೂ ಸ್ಟ್ಯಾಟಿಕ್ ಫೈಲುಗಳೂ ತಾವಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ. ನೀವೇ ನಕಲು ಮಾಡಿಡಬೇಕು. ಪುಟ ಬಂತು, ಬಣ್ಣ ವಿನ್ಯಾಸ ಒಂದೂ ಇಲ್ಲ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ ಎಂದರೆ ಇದೇ ಕಾರಣ.

ಬಿಲ್ಡ್ ಹಂತದಲ್ಲೇ ಬೀಳುವ ದೋಷಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನು ಮ್ಯಾಕ್ ಮತ್ತು ವಿಂಡೋಸ್ ಸಾಮಾನ್ಯವಾಗಿ ಕಡೆಗಣಿಸುತ್ತವೆ, ಲಿನಕ್ಸ್ ಕಡೆಗಣಿಸುವುದಿಲ್ಲ. ಅಭಿವೃದ್ಧಿಗೆ ಮಾತ್ರ ಎಂದು ಗುರುತಿಸಿದ ಪ್ಯಾಕೇಜುಗಳನ್ನು ಬಿಲ್ಡ್‌ಗೆ ಮೊದಲೇ ಕತ್ತರಿಸಿದರೆ ಟೈಪ್‌ಸ್ಕ್ರಿಪ್ಟ್ ಸಿಗದೆ ಬಿಲ್ಡ್ ನಿಲ್ಲುತ್ತದೆ. ಚಿಕ್ಕದೆಂದು ಆಲ್ಪೈನ್ ಲಿನಕ್ಸ್‌ನ ಇಮೇಜ್ ಆರಿಸಿದರೆ ಅದರ ಸಿ ಗ್ರಂಥಾಲಯ ಮಸ್ಲ್ ಆಗಿರುವುದರಿಂದ ಯಂತ್ರಭಾಷೆಗೆ ಬದಲಾಗಿ ಬರುವ ಕೆಲವು ನೇಟಿವ್ ಮಾಡ್ಯೂಲ್‌ಗಳು ತಕರಾರು ತೆಗೆಯುತ್ತವೆ. ಹೊಸಬರಿಗೆ ಡೆಬಿಯನ್ ಆಧಾರಿತ ಸ್ಲಿಮ್ ಇಮೇಜ್ ಸಾಕು.

ಈಗ ಲೋಕಲ್‌ಹೋಸ್ಟ್ ವಿಳಾಸದ ವಿಷಯ. ಮೂರು ಹೊತ್ತುಗಳ ವ್ಯತ್ಯಾಸ ಅತ್ಯಂತ ಚೆನ್ನಾಗಿ ಕಾಣುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನೆಕ್ಸ್ಟ್‌ನಲ್ಲಿ ‘ನೆಕ್ಸ್ಟ್ ಪಬ್ಲಿಕ್’ ಎಂದು ಶುರುವಾಗುವ ಹೆಸರಿನ ವೇರಿಯಬಲ್‌ಗಳು ಬ್ರೌಸರಿಗೂ ತಲುಪುತ್ತವೆ. ಆದರೆ ತಲುಪುವ ಬಗೆ ಹೇಗೆ? ಬಿಲ್ಡ್ ಹೊತ್ತಿನಲ್ಲಿ ಆ ಹೆಸರು ಕೋಡಿನಲ್ಲಿ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಅದರ ಮೌಲ್ಯವನ್ನು ಅಕ್ಷರಶಃ ಅಂಟಿಸಲಾಗುತ್ತದೆ. ಅಲ್ಲಿಂದ ಮುಂದೆ ಅದು ವೇರಿಯಬಲ್ ಅಲ್ಲ, ಬ್ರೌಸರಿಗೆ ಹೋಗುವ ಬಂಡಲ್ ಒಳಗೆ ಅಚ್ಚಾದ ಒಂದು ಪಠ್ಯ. ನೀವು ಇಮೇಜ್ ಕಟ್ಟಿದ್ದು ಲ್ಯಾಪ್‌ಟಾಪ್‌ನಲ್ಲಿ, ಆಗ ವೇರಿಯಬಲ್‌ಗಳಿರುವ ಎನ್ವ್ ಫೈಲಿನಲ್ಲಿ ಇದ್ದದ್ದು ಲೋಕಲ್‌ಹೋಸ್ಟ್. ಕ್ಲೌಡ್ ವೇದಿಕೆಯ ಸೆಟ್ಟಿಂಗ್ ಪುಟದಲ್ಲಿ ಎಷ್ಟು ಸಲ ಸರಿಯಾದ ವಿಳಾಸ ತುಂಬಿದರೂ ಅಚ್ಚಾದದ್ದು ಬದಲಾಗುವುದಿಲ್ಲ. ವೀಟ್ ಎಂಬ ಬಿಲ್ಡ್ ಸಾಧನ ಬಳಸುವ ಚೌಕಟ್ಟುಗಳಲ್ಲಿ ವೀಟ್ ಹೆಸರಿನಿಂದ ಶುರುವಾಗುವ ವೇರಿಯಬಲ್‌ಗಳದ್ದೂ ಇದೇ ಕಥೆ.

ದಾರಿ ಎರಡಿವೆ. ಬಿಲ್ಡ್ ಆಗುವಾಗಲೇ ಸರಿಯಾದ ಮೌಲ್ಯ ಕೊಡುವುದು ಒಂದು; ಆಗ ಪರೀಕ್ಷಾ ತಾಣಕ್ಕೊಂದು, ನಿಜವಾದ ತಾಣಕ್ಕೊಂದು ಇಮೇಜ್ ಕಟ್ಟಬೇಕಾಗುತ್ತದೆ. ನನ್ನ ಮತ ಎರಡನೆಯದಕ್ಕೆ: ಬ್ರೌಸರಿನಿಂದ ತಾಣದ ಹೆಸರಿಲ್ಲದ ಸಾಪೇಕ್ಷ ವಿಳಾಸಕ್ಕೇ ಕೋರಿಕೆ ಕಳಿಸಿ, ಅಸಲಿ ಎಪಿಐ ವಿಳಾಸವನ್ನು ಸರ್ವರ್ ಭಾಗದ ಕೋಡ್ ಕೋರಿಕೆಯ ಹೊತ್ತಿನಲ್ಲಿ ಓದಿಕೊಳ್ಳಲಿ. ಆಗ ಪರೀಕ್ಷೆಯಲ್ಲಿ ಪಾಸಾದ ಇಮೇಜ್ ಯಾವುದೋ ಅದೇ ಇಮೇಜ್ ಜನರ ಮುಂದೆ ಹೋಗುತ್ತದೆ. ಇದರಲ್ಲೂ ಒಂದು ಎಚ್ಚರ ಬೇಕು. ನೆಕ್ಸ್ಟ್ ಕೆಲವು ಪುಟಗಳನ್ನು ಬಿಲ್ಡ್ ಹೊತ್ತಿನಲ್ಲೇ ಸಿದ್ಧಪಡಿಸಿಡುತ್ತದೆ, ಅಂಥ ಪುಟದಲ್ಲಿ ಓದಿದ ವೇರಿಯಬಲ್ ಕೂಡ ಬಿಲ್ಡ್ ಹೊತ್ತಿನದೇ. ಬಿಲ್ಡ್ ಮುಗಿದಾಗ ಬರುವ ಪಟ್ಟಿಯಲ್ಲಿ ಯಾವ ಪುಟ ಸ್ಥಿರ, ಯಾವುದು ಕೋರಿಕೆಗೊಮ್ಮೆ ಹುಟ್ಟುವಂಥದ್ದು ಎಂದು ಗುರುತು ಇರುತ್ತದೆ. ಅದನ್ನು ಓದದೆ ಡಿಪ್ಲಾಯ್ ಮಾಡಬೇಡಿ, ಅಂದರೆ ಕ್ಲೌಡ್‌ಗೆ ಏರಿಸಬೇಡಿ.

ಗುಪ್ತ ಕೀಲಿಗಳನ್ನು ಈ ಪಬ್ಲಿಕ್ ಹೆಸರಿನಡಿ ಎಂದಿಗೂ ಇಡಬಾರದು. ಡಾಕರ್‌ಫೈಲ್ ಒಳಗೂ ಬರೆಯಬಾರದು. ಇಮೇಜಿನ ಪದರಗಳನ್ನು ಬಿಚ್ಚಿ ನೋಡಲು ಬರುವ ಯಾರಿಗೂ ಅವು ಸಿಗುತ್ತವೆ. ವೇದಿಕೆಯ ಸೀಕ್ರೆಟ್ ಸಂಗ್ರಹದಿಂದ ಸರ್ವರ್ ಏಳುವ ಹೊತ್ತಿನಲ್ಲಿ ಬರಲಿ, ಬೇಕಾದ ಕೀಲಿ ಇಲ್ಲದಿದ್ದರೆ ಸರ್ವರ್ ಏಳದೆ ಸ್ಪಷ್ಟವಾದ ಸಂದೇಶ ಬರೆದು ನಿಲ್ಲಲಿ. ಅರ್ಧಂಬರ್ಧ ಎದ್ದು ಮೊದಲ ಗ್ರಾಹಕನ ಮುಂದೆ ಕುಸಿಯುವುದಕ್ಕಿಂತ ಇದು ಎಷ್ಟೋ ವಾಸಿ.

ನಿಧಾನದ ದೂರಿಗೆ ಬರೋಣ. ಬಳಕೆ ಇಲ್ಲದಾಗ ಪ್ರತಿಗಳ ಸಂಖ್ಯೆಯನ್ನು ಸೊನ್ನೆಗೆ ಇಳಿಸುವ ವೇದಿಕೆಯಲ್ಲಿ, ಮುಂದೆ ಬರುವ ಮೊದಲ ವ್ಯಕ್ತಿ ಇಡೀ ಆರಂಭಕ್ಕಾಗಿ ಕಾಯಬೇಕು: ಕಂಟೇನರ್ ಏಳಬೇಕು, ನೋಡ್ ಎಲ್ಲ ಮಾಡ್ಯೂಲ್‌ಗಳನ್ನು ಓದಬೇಕು, ಡೇಟಾಬೇಸ್ ಸಂಪರ್ಕ ಕೂಡಬೇಕು. ಕನಿಷ್ಠ ಒಂದು ಪ್ರತಿ ಸದಾ ಎಚ್ಚರವಿರುವಂತೆ ಸೆಟ್ಟಿಂಗ್ ಮಾಡಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ, ಅದಕ್ಕೆ ಹಣ ತೆರಬೇಕು. ಹಣ ಕೊಡುವ ಮುನ್ನ ಸರ್ವರ್ ಏಳುವಾಗ ನೀವೇ ಏನೇನು ಹೇರಿದ್ದೀರಿ ಎಂದು ನೋಡಿ. ಟೇಬಲ್‌ಗಳ ರಚನೆ ಬದಲಿಸುವ ಡೇಟಾಬೇಸ್ ಮೈಗ್ರೇಶನ್ ಅಲ್ಲಿದ್ದರೆ ತೆಗೆದು ಡಿಪ್ಲಾಯ್‌ನ ಪ್ರತ್ಯೇಕ ಹಂತವಾಗಿಸಿ. ಒಟ್ಟಿಗೆ ನಾಲ್ಕು ಪ್ರತಿಗಳು ಎದ್ದರೆ ನಾಲ್ಕೂ ಅದೇ ಟೇಬಲ್ ಬದಲಿಸಲು ಹೊರಡುವುದು ಅಪಾಯ.

ನಿಧಾನಕ್ಕೆ ಇನ್ನೊಂದು ಮೂಲ ದೂರ. ಆಪ್ ಒಂದು ಖಂಡದಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದು ಹೋಗಿ ಬರಲು 80 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಪುಟ ಒಂದರ ಹಿಂದೊಂದು ಆರು ಪ್ರಶ್ನೆ ಕೇಳಿದರೆ 480 ಮಿಲಿಸೆಕೆಂಡ್ ಬರೀ ಪ್ರಯಾಣಕ್ಕೇ ಹೋಯಿತು. ಆಪ್ ಡೇಟಾಬೇಸ್ ಇರುವ ಪ್ರದೇಶದಲ್ಲೇ ಇರಲಿ, ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳು ಒಟ್ಟಿಗೆ ಹೊರಡಲಿ. ಓದುಗನಿಗೆ ಹತ್ತಿರವಿರಬೇಕೆಂದು ಎಡ್ಜ್‌ನಲ್ಲಿ, ಅಂದರೆ ಊರೂರಿನ ಸರ್ವರ್‌ಗಳಲ್ಲಿ, ಪುಟ ಕಟ್ಟುವವರು ಈ ಲೆಕ್ಕವನ್ನು ಮರೆಯುವುದು ಹೆಚ್ಚು.

ಇಲ್ಲೇ ಪೋಸ್ಟ್‌ಗ್ರೆಸ್ ಬಗ್ಗೆ ಒಂದು ಮಾತು. ಅದು ಮೂಲ ಸೆಟ್ಟಿಂಗ್‌ನಲ್ಲಿ 100 ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ. ನೋಡ್‌ನ ಜನಪ್ರಿಯ ಪೋಸ್ಟ್‌ಗ್ರೆಸ್ ಪ್ಯಾಕೇಜಿನ ಪೂಲ್, ಅಂದರೆ ಮರುಬಳಕೆಗೆ ಇಟ್ಟ ಸಂಪರ್ಕಗಳ ಗುಂಪು, ಒಂದು ಪ್ರತಿಗೆ ಮೂಲತಃ ಗರಿಷ್ಠ 10 ಸಂಪರ್ಕ ತೆರೆಯುತ್ತದೆ. ಜನ ನುಗ್ಗಿದ ದಿನ ವೇದಿಕೆ ಪ್ರತಿಗಳನ್ನು 12ಕ್ಕೆ ಏರಿಸಿತು ಎಂದರೆ ಬೇಡಿಕೆ 120. ಆಪ್ ಹಿಗ್ಗಿತು, ಡೇಟಾಬೇಸ್ ಬಾಗಿಲು ಹಾಕಿತು. ಪ್ರತಿಗಳ ಗರಿಷ್ಠ ಮಿತಿಯನ್ನು ಈ ಲೆಕ್ಕ ಹಾಕಿಯೇ ನಿಗದಿ ಮಾಡಿ, ಅಥವಾ ಕೆಲವೇ ಸಂಪರ್ಕಗಳನ್ನು ಎಲ್ಲ ಪ್ರತಿಗಳಿಗೂ ಹಂಚುವ ಪಿಜಿಬೌನ್ಸರ್‌ನಂಥ ಪೂಲರ್ ಅನ್ನು ನಡುವೆ ಇಡಿ.

ಆಗೊಮ್ಮೆ ಈಗೊಮ್ಮೆ ಬರುವ 502ಕ್ಕೆ ಎರಡು ಸಾಮಾನ್ಯ ಕಾರಣಗಳಿವೆ, ಎರಡೂ ಆಪ್‌ನ ಲಾಗ್‌ನಲ್ಲಿ ಸುಳಿವು ಬಿಡುವುದಿಲ್ಲ. ಒಂದು, ಕೋರಿಕೆಗಳನ್ನು ಪ್ರತಿಗಳಿಗೆ ಹಂಚಲು ಮುಂದಿರುವ ಲೋಡ್ ಬ್ಯಾಲೆನ್ಸರ್ ಮತ್ತು ನಿಮ್ಮ ನೋಡ್ ಸರ್ವರ್ ನಡುವಿನ ಕಾಲದ ಹೊಂದಾಣಿಕೆ. ಒಮ್ಮೆ ತೆರೆದ ಸಂಪರ್ಕವನ್ನು ಇಬ್ಬರೂ ಮರುಬಳಕೆಗೆ ಇಟ್ಟುಕೊಳ್ಳುತ್ತಾರೆ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಖಾಲಿ ಸಂಪರ್ಕವನ್ನು ಮೂಲತಃ 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ನೋಡ್‌ನ ಹಲವು ಆವೃತ್ತಿಗಳು 5 ಸೆಕೆಂಡಿಗೇ ಮುಚ್ಚುತ್ತವೆ. ನೋಡ್ ಮುಚ್ಚಲು ಹೊರಟ ಕ್ಷಣಕ್ಕೆ ಸರಿಯಾಗಿ ಆ ಸಂಪರ್ಕದ ಮೇಲೆ ಬ್ಯಾಲೆನ್ಸರ್ ಹೊಸ ಕೋರಿಕೆ ಕಳಿಸಿದರೆ ಅದು ಯಾರ ಕೈಗೂ ಸಿಗುವುದಿಲ್ಲ, ಗ್ರಾಹಕನಿಗೆ 502. ಸರ್ವರ್‌ನ ಕೀಪ್ ಅಲೈವ್ ಅವಧಿಯನ್ನು ಬ್ಯಾಲೆನ್ಸರ್‌ನ ಅವಧಿಗಿಂತ ತುಸು ಹೆಚ್ಚಿಸಿ, 65 ಸೆಕೆಂಡ್ ಎನ್ನಿ. ನೆಕ್ಸ್ಟ್‌ನ ಸ್ಟಾರ್ಟ್ ಆದೇಶದಲ್ಲಿ ಇದಕ್ಕೆಂದೇ ಆಯ್ಕೆಯಿದೆ.

ಎರಡನೆಯದು, ಒಂದು ಪ್ರತಿಯನ್ನು ಕೆಳಗಿಳಿಸುವ ಹೊತ್ತು. ವೇದಿಕೆ ಮೊದಲು ‘ನಿಲ್ಲು’ ಎನ್ನುವ ಸಿಗ್‌ಟರ್ಮ್ ಸಂಕೇತ ಕಳಿಸುತ್ತದೆ. ಕ್ಲೌಡ್ ರನ್ ಆದರೆ 10 ಸೆಕೆಂಡ್ ಕಾದು ಆಮೇಲೆ ಬಲವಂತವಾಗಿ ಮುಗಿಸುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಹೊಸ ಕೋರಿಕೆ ತೆಗೆದುಕೊಳ್ಳದೆ, ಕೈಯಲ್ಲಿರುವುದನ್ನು ಮುಗಿಸಿ, ಡೇಟಾಬೇಸ್ ಸಂಪರ್ಕ ಬಿಟ್ಟು ಹೊರಡುವುದು ಆಪ್‌ನ ಹೊಣೆ. ಡಾಕರ್‌ಫೈಲ್‌ನ ಕೊನೆಯ ಸಾಲಿನಲ್ಲಿ ಎನ್‌ಪಿಎಂ ಸ್ಟಾರ್ಟ್ ಎಂದು ಶೆಲ್ ರೂಪದಲ್ಲಿ, ಅಂದರೆ ಬರೀ ಆದೇಶದ ಸಾಲಾಗಿ, ಬರೆದಿದ್ದರೆ ಆ ಸಂಕೇತ ನಡುವೆಯೇ ಕಳೆದುಹೋಗಬಹುದು. ನೋಡ್ ಅನ್ನು ನೇರವಾಗಿ, ಚೌಕ ಕಂಸದೊಳಗಿನ ಪಟ್ಟಿಯ ರೂಪದಲ್ಲಿ ಕರೆಯಿರಿ. ನಿಮ್ಮದೇ ಸರ್ವರ್ ಫೈಲ್ ಇದ್ದರೆ ಸಂಕೇತವನ್ನು ಹಿಡಿಯುವ ಕೋಡನ್ನೂ ನೀವೇ ಬರೆಯಬೇಕು, ಏಕೆಂದರೆ ಕಂಟೇನರ್‌ನ ಒಂದನೇ ಪ್ರಕ್ರಿಯೆಯಾಗಿ ಓಡುವಾಗ ಹಿಡಿಯದ ಸಿಗ್‌ಟರ್ಮ್‌ಗೆ ಯಾವ ಪರಿಣಾಮವೂ ಇಲ್ಲ.

ಲಾಗಿನ್ ಆದವರು ಹೊರಬೀಳುವುದಕ್ಕೆ ನಾನು ಮೊದಲು ಶಂಕಿಸುವುದು ಸೆಷನ್ ಅನ್ನು, ಅಂದರೆ ಯಾರು ಲಾಗಿನ್ ಆಗಿದ್ದಾರೆಂಬ ಗುರುತನ್ನು, ಸರ್ವರ್‌ನ ನೆನಪಿನಲ್ಲಿ ಇಟ್ಟಿರುವುದನ್ನು. ಮೊದಲ ಕೋರಿಕೆ ಒಂದು ಪ್ರತಿಗೆ ಹೋಯಿತು, ಎರಡನೆಯದು ಇನ್ನೊಂದಕ್ಕೆ. ಆ ಇನ್ನೊಂದಕ್ಕೆ ನಿಮ್ಮ ಬಳಕೆದಾರ ಯಾರೋ ಗೊತ್ತೇ ಇಲ್ಲ. ಸರ್ವರ್ ಏಳುವಾಗ ಲಾಗಿನ್ ಗುರುತಿಗೆ ಸಹಿ ಹಾಕುವ ಕೀಲಿಯನ್ನು ಯಾದೃಚ್ಛಿಕವಾಗಿ ಹುಟ್ಟಿಸುವ ಕೋಡಿದ್ದರೂ ಇದೇ ಫಲ, ಒಂದು ಪ್ರತಿ ಹಾಕಿದ ಸಹಿಯನ್ನು ಮತ್ತೊಂದು ನಂಬುವುದಿಲ್ಲ. ಸೆಷನ್ ರೆಡಿಸ್ ಎಂಬ ಡೇಟಾ ಸಂಗ್ರಹದಲ್ಲೋ ಪೋಸ್ಟ್‌ಗ್ರೆಸ್‌ನಲ್ಲೋ ಇರಲಿ, ಕೀಲಿ ಎಲ್ಲರಿಗೂ ಒಂದೇ ಇರಲಿ. ಬಳಕೆದಾರರು ಏರಿಸಿದ ಚಿತ್ರಗಳನ್ನು ಸರ್ವರ್‌ನ ಡಿಸ್ಕ್‌ನಲ್ಲಿ ಇಟ್ಟಿದ್ದರೆ ಅವನ್ನೂ ಕ್ಲೌಡ್‌ನ ಫೈಲ್ ಉಗ್ರಾಣವಾದ ಆಬ್ಜೆಕ್ಟ್ ಸ್ಟೋರೇಜ್‌ಗೆ ಸಾಗಿಸಿ. ಪ್ರತಿ ಅಳಿದಾಗ ಅದರ ಡಿಸ್ಕೂ ಅಳಿಯುತ್ತದೆ. ಕ್ಲೌಡ್ ರನ್‌ನಲ್ಲಂತೂ ಸಾಮಾನ್ಯ ಫೈಲುಗಳು ಕೂರುವುದೇ ಮೆಮೊರಿಯಲ್ಲಿ.

ಇದೆಲ್ಲ ಸರಿಯಿದ್ದೂ ಲಾಗಿನ್ ಗುರುತನ್ನು ಬ್ರೌಸರಿನಲ್ಲಿ ಇಡುವ ಕುಕಿ ನಿಲ್ಲದಿದ್ದರೆ, ನಡುವೆ ಕೋರಿಕೆ ಸಾಗಿಸುವ ಪ್ರಾಕ್ಸಿ ಕಡೆ ನೋಡಿ. ಎಚ್‌ಟಿಟಿಪಿಎಸ್‌ನ ಗೂಢಲಿಪಿ ಮುಗಿಯುವುದು ವೇದಿಕೆಯ ಗೇಟ್‌ವೇಯಲ್ಲಿ, ನಿಮ್ಮ ನೋಡ್‌ಗೆ ಬರುವುದು ಬರೀ ಎಚ್‌ಟಿಟಿಪಿ. ಎಕ್ಸ್‌ಪ್ರೆಸ್ ಎಂಬ ನೋಡ್ ಚೌಕಟ್ಟು ಬಳಸಿದ್ದರೆ ‘ಟ್ರಸ್ಟ್ ಪ್ರಾಕ್ಸಿ’ ಸೆಟ್ಟಿಂಗ್ ಇಲ್ಲದೆ ಅದು ಸಂಪರ್ಕವನ್ನು ಅಸುರಕ್ಷಿತವೆಂದೇ ತಿಳಿದು ಸುರಕ್ಷಿತ ಕುಕಿಯನ್ನು ಕಳಿಸುವುದೇ ಇಲ್ಲ. ಗೂಗಲ್‌ನ ಫೈರ್‌ಬೇಸ್ ಹೋಸ್ಟಿಂಗ್ ಮೂಲಕ ಸರ್ವರ್‌ಗೆ ಕೋರಿಕೆ ಸಾಗಿಸುವವರಿಗೆ ಇನ್ನೂ ವಿಚಿತ್ರವಾದ ನಿಯಮ: ಎರಡು ಅಂಡರ್‌ಸ್ಕೋರ್‌ಗಳ ನಂತರ ‘ಸೆಷನ್’ ಎಂದಿರುವ ಒಂದೇ ಒಂದು ಕುಕಿಯನ್ನು ಅದು ಒಳಗೆ ಬಿಡುತ್ತದೆ, ಉಳಿದವನ್ನು ತೆಗೆದುಹಾಕುತ್ತದೆ. ಅದೇ ಹೋಸ್ಟಿಂಗ್‌ನಲ್ಲಿ ಹಳೆಯ ಇಂಡೆಕ್ಸ್ ಎಚ್‌ಟಿಎಂಎಲ್ ಫೈಲ್ ಉಳಿದಿದ್ದರೆ ಮುಖಪುಟಕ್ಕೆ ಯಾವಾಗಲೂ ಅದೇ ಬರುತ್ತದೆ, ಸರ್ವರ್ ತನಕ ಕೋರಿಕೆ ಹೋಗುವುದೇ ಇಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ, ಏಕೆಂದರೆ ಇದರಲ್ಲಿ ನೋಯುವವರು ನಿಮ್ಮ ಬಳಕೆದಾರರು. ಬ್ರೌಸರಿನಲ್ಲಿ ಮಾಡ್ಯೂಲ್‌ನ ಮೇಲ್ಮಟ್ಟದಲ್ಲಿ ಬರೆದ ವೇರಿಯಬಲ್ ಒಬ್ಬರದು. ಸರ್ವರ್‌ನಲ್ಲಿ ಅದೇ ವೇರಿಯಬಲ್ ಆ ಹೊತ್ತಿಗೆ ಬಂದ ಎಲ್ಲರದು. ‘ಈಗಿನ ಬಳಕೆದಾರ’ ಎಂದು ಅಲ್ಲೊಂದು ವೇರಿಯಬಲ್ ಇಟ್ಟು, ಕೋರಿಕೆ ಬಂದಾಗ ತುಂಬಿ, ನಡುವೆ ಡೇಟಾಬೇಸ್‌ಗಾಗಿ ಕಾದರೆ, ಆ ಕಾಯುವಿಕೆಯ ಒಳಗೆ ಇನ್ನೊಬ್ಬರ ಕೋರಿಕೆ ಬಂದು ಹೆಸರನ್ನು ಬದಲಿಸಿರುತ್ತದೆ. ಒಬ್ಬರ ಖರೀದಿಗಳ ಪುಟ ಇನ್ನೊಬ್ಬರಿಗೆ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೀವೊಬ್ಬರೇ ಬಳಕೆದಾರರಾದ್ದರಿಂದ ಇದು ಎಂದಿಗೂ ತೋರುವುದಿಲ್ಲ. ಕೋರಿಕೆಯ ಮಾಹಿತಿ ಕೋರಿಕೆಯ ಜೊತೆಗೇ ಸಾಗಲಿ.

ಪುಟಗಳ ನಕಲನ್ನು ಓದುಗರ ಹತ್ತಿರದ ಸರ್ವರ್‌ಗಳಲ್ಲಿ ಇಟ್ಟು ಹಂಚುವ ಸಿಡಿಎನ್‌ನ ಕ್ಯಾಶ್‌ನಿಂದಲೂ ಇಂಥದ್ದೇ ಸೋರಿಕೆ ಆಗುತ್ತದೆ. ಹೆಸರಿನಲ್ಲೇ ಹ್ಯಾಶ್, ಅಂದರೆ ಒಳಗಿನ ಪಠ್ಯ ಬದಲಾದರೆ ತಾನೂ ಬದಲಾಗುವ ಗುರುತು, ಇರುವ ಸ್ಕ್ರಿಪ್ಟ್ ಮತ್ತು ಸ್ಟೈಲ್ ಫೈಲುಗಳನ್ನು ಒಂದು ವರ್ಷ, ಅಂದರೆ 31536000 ಸೆಕೆಂಡ್, ಬದಲಾಗದವು ಎಂದು ಗುರುತಿಸಿ ಇಡಬಹುದು. ಎಲ್ಲರಿಗೂ ಒಂದೇ ಆಗಿರುವ ಪುಟಗಳನ್ನು ಕೆಲವು ನಿಮಿಷ ಇಡಬಹುದು. ಲಾಗಿನ್ ಆದವರ ಹೆಸರು ಅಚ್ಚಾಗುವ ಯಾವ ಪುಟವನ್ನೂ, ಕುಕಿ ಹೊತ್ತು ಬರುವ ಯಾವ ಉತ್ತರವನ್ನೂ ಹಂಚಿಕೆಯ ಕ್ಯಾಶ್‌ನಲ್ಲಿ ಇಡಬಾರದು. ‘ಪ್ರೈವೇಟ್, ನೋ ಸ್ಟೋರ್’ ಎಂದು ಉತ್ತರದ ಜೊತೆ ಹೋಗುವ ಹೆಡರ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ, ಊಹೆಗೆ ಬಿಡಬೇಡಿ.

ಭದ್ರತೆಯ ತಿದ್ದುಪಡಿಗಳನ್ನೂ ಮುಂದೂಡಬೇಡಿ. 2025ರ ಮಾರ್ಚ್‌ನಲ್ಲಿ ಕೋರಿಕೆ ಪುಟ ತಲುಪುವ ಮುನ್ನ ಓಡುವ ನೆಕ್ಸ್ಟ್‌ನ ಮಿಡಲ್‌ವೇರ್‌ನಲ್ಲಿ ಒಂದು ಲೋಪ ಬಯಲಾಯಿತು. ಹೊರಗಿನವರು ಒಂದು ಹೆಡರ್ ಸೇರಿಸಿ ಕಳಿಸಿದರೆ ಮಿಡಲ್‌ವೇರ್ ಪೂರ್ತಿ ಪಕ್ಕಕ್ಕೆ ಸರಿಯುತ್ತಿತ್ತು, ಅಲ್ಲಿ ಮಾತ್ರ ಲಾಗಿನ್ ತಪಾಸಣೆ ಇಟ್ಟಿದ್ದ ಸ್ವಂತ ಸರ್ವರ್‌ಗಳು ತೆರೆದ ಬಾಗಿಲಾದವು. ತಪಾಸಣೆ ಡೇಟಾ ಓದುವ ಜಾಗದಲ್ಲೂ ಇರಬೇಕು.

ವೇದಿಕೆಯ ಆಯ್ಕೆ ಬಗ್ಗೆ ಈಗ ಹೇಳಬಹುದು. ನೆಕ್ಸ್ಟ್ ತಯಾರಿಸುವ ವರ್ಸೆಲ್‌ನಲ್ಲೇ ಹಾಕಿದರೆ ಮೇಲಿನ ಕೆಲವು ತೊಂದರೆಗಳು, ಮುಖ್ಯವಾಗಿ ಪೋರ್ಟ್ ಮತ್ತು ಸ್ಟ್ಯಾಟಿಕ್ ಫೈಲುಗಳದ್ದು, ನಿಮ್ಮವರೆಗೆ ಬರುವುದಿಲ್ಲ; ಸೆಷನ್, ಗ್ಲೋಬಲ್ ವೇರಿಯಬಲ್, ಡೇಟಾಬೇಸ್ ಸಂಪರ್ಕದವು ಬರುತ್ತವೆ. ಅಮೆಜಾನ್‌ನ ಲ್ಯಾಂಬ್ಡಾದಂಥ ಫಂಕ್ಷನ್ ವೇದಿಕೆಗೆ ಓಪನ್‌ನೆಕ್ಸ್ಟ್‌ನಂಥ ಅಡಾಪ್ಟರ್ ಬೇಕು, ಉತ್ತರ ಒಟ್ಟಾಗಿ ಹೋಗುವುದಾದರೆ 6 ಎಂಬಿ ಮಿತಿಯೂ ಇದೆ. ಕ್ಲೌಡ್‌ಫ್ಲೇರ್ ವರ್ಕರ್ಸ್‌ನಲ್ಲಿ ಓಡುವುದು ನೋಡ್ ಅಲ್ಲ. ಅಲ್ಲಿಗೆ ಹೋಗುವ ಮುನ್ನ ನಿಮ್ಮ ಪ್ಯಾಕೇಜುಗಳು ಓಡುತ್ತವೆಯೇ ಎಂದು ಒಂದೊಂದಾಗಿ ನೋಡಬೇಕು. ನಿಮ್ಮಲ್ಲಿ ಕಂಟೇನರ್ ಸಿದ್ಧವಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್ ಇದೆ. ಈಗಿರುವ ಕಂಟೇನರ್ ವೇದಿಕೆಯಲ್ಲೇ, ಕನಿಷ್ಠ ಒಂದು ಪ್ರತಿ ಎಚ್ಚರವಿಟ್ಟು, ಗರಿಷ್ಠಕ್ಕೆ ಮಿತಿ ಹಾಕಿ ಮುಂದುವರಿಯಿರಿ. ಮುಂದೊಂದು ದಿನ ಜಾಗ ಬದಲಿಸಬೇಕಾದರೂ ಇಮೇಜ್ ಹಾಗೆಯೇ ಹೊರಡುತ್ತದೆ.

ಒಂದು ಸಂಗತಿ ಮಾತ್ರ ಡಿಪ್ಲಾಯ್ ಯಶಸ್ವಿಯಾದ ಮೇಲೆ ಎದುರಾಗುತ್ತದೆ. ನಿನ್ನೆ ತೆರೆದ ಪುಟವನ್ನು ಯಾರೋ ಹಾಗೆಯೇ ಬಿಟ್ಟಿರುತ್ತಾರೆ, ಅದು ಕೇಳುವುದು ನಿನ್ನೆಯ ಹ್ಯಾಶ್ ಇರುವ ಸ್ಕ್ರಿಪ್ಟ್ ಫೈಲನ್ನು. ಹೊಸ ಇಮೇಜಿನಲ್ಲಿ ಆ ಫೈಲಿಲ್ಲ, 404 ಬಂದು ಪುಟ ನಿಲ್ಲುತ್ತದೆ. ಸ್ಟ್ಯಾಟಿಕ್ ಫೈಲುಗಳನ್ನು ಸಿಡಿಎನ್ ಬೆನ್ನಿಗಿರುವ ಸ್ಟೋರೇಜ್‌ನಲ್ಲಿ ಇಟ್ಟು, ಹಿಂದಿನ ಕೆಲವು ಬಿಲ್ಡ್‌ಗಳದ್ದನ್ನು ಅಳಿಸದೆ ಉಳಿಸಿ. ಹೊಸ ಆವೃತ್ತಿಗೆ ಮೊದಲು ನೂರರಲ್ಲಿ ಐದು ಕೋರಿಕೆಗಳನ್ನಷ್ಟೇ ತಿರುಗಿಸಿ, ದೋಷಗಳ ಸಂಖ್ಯೆ ನೋಡಿ, ಆಮೇಲೆ ಪೂರ್ತಿ ಬಿಡಿ. ಕ್ಲೌಡ್ ರನ್‌ನಲ್ಲಿ ಈ ಹಂಚಿಕೆ ಸೆಟ್ಟಿಂಗ್‌ನಲ್ಲೇ ಇದೆ, ಹಳೆಯ ಆವೃತ್ತಿಗೆ ಮರಳುವುದೂ ಅಲ್ಲಿಂದಲೇ. ಹೀಗೆ ಮರಳುವುದನ್ನು ಎಲ್ಲವೂ ಸರಿಯಿರುವ ದಿನವೇ ಒಮ್ಮೆ ಮಾಡಿ ನೋಡಿ. ಆಗಲೇ ತಿಳಿಯುತ್ತದೆ, ನಿಮ್ಮ ಹೊಸ ಮೈಗ್ರೇಶನ್ ಅಳಿಸಿದ ಕಾಲಂ ಹಳೆಯ ಕೋಡಿಗೆ ಇನ್ನೂ ಬೇಕಿತ್ತೇ ಎಂದು.